ಇಂಡೆಂಟ್‌ಗೆ ಸಹಿ ಹಾಕುವ ಮುನ್ನ: ವಿಶ್ವವಿದ್ಯಾಲಯಗಳ ಕುಲಪತಿ, ಕುಲಸಚಿವ ಮತ್ತು ಹಣಕಾಸು ಅಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಲ್ಯಾಬ್ ಸುರಕ್ಷತೆಯ ಮಾತು ಬಂದಾಗಲೆಲ್ಲ ಬುದ್ಧಿವಾದ ಹೋಗುವುದು ವಿದ್ಯಾರ್ಥಿಗಳಿಗೆ. ಕೋಟ್ ಹಾಕಿ, ಕನ್ನಡಕ ಹಾಕಿ, ಚಪ್ಪಲಿಯಲ್ಲಿ ಬರಬೇಡಿ, ದುಪಟ್ಟಾ ಬಿಗಿಯಾಗಿ ಕಟ್ಟಿಕೊಳ್ಳಿ. ಅದೆಲ್ಲ ಸರಿ, ಬೇಕೇ ಬೇಕು. ಆದರೆ ಯಾವ ರಾಸಾಯನಿಕ ಎಷ್ಟು ಬರುತ್ತದೆ, ವರ್ಷದ ಯಾವ ತಿಂಗಳು ಬರುತ್ತದೆ, ಯಾವ ಕೋಣೆಯಲ್ಲಿ ಕೂರುತ್ತದೆ, ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದೆಲ್ಲ ನಿಮ್ಮ ಮೇಜಿನ ಮೇಲಿನ ಕಡತದಲ್ಲಿ ತೀರ್ಮಾನವಾಗುತ್ತದೆ. ಅದಕ್ಕೇ ಈ ಪತ್ರ ನಿಮಗೆ.

ನಾವು ಸಂಶೋಧನಾ ಲ್ಯಾಬ್‌ಗಳಲ್ಲಿ ಕೆಲಸ ಮಾಡುವವರು, ಸ್ಟೋರ್ ನೋಡಿಕೊಳ್ಳುವವರು, ಉಪಕರಣ ನಡೆಸುವ ತಾಂತ್ರಿಕ ಸಿಬ್ಬಂದಿ. ನಮ್ಮ ಕೋರಿಕೆ ಒಂದು. ಇಂಡೆಂಟ್ ಫಾರಂನಲ್ಲಿ, ಅಂದರೆ ಖರೀದಿಯ ಬೇಡಿಕೆ ಪತ್ರದಲ್ಲಿ, ವಸ್ತುವಿನ ಹೆಸರು, ಪ್ರಮಾಣ, ಬೆಲೆಯ ಕೆಳಗೆ ಇನ್ನು ನಾಲ್ಕು ಪ್ರಶ್ನೆ ಸೇರಿಸಿ. ಇದನ್ನು ಎಲ್ಲಿಡುತ್ತೀರಿ? ಬಳಸುವವರಿಗೆ ಕೈಹಿಡಿದು ಕಲಿಸಿದವರು ಯಾರು? ಮಿಕ್ಕಿದ್ದು ಎಲ್ಲಿಗೆ ಹೋಗುತ್ತದೆ? ಚೆಲ್ಲಿದರೆ, ಹೊತ್ತಿಕೊಂಡರೆ ಬೇಕಾದ ಸಾಮಗ್ರಿ ಆ ಕೋಣೆಯಲ್ಲಿದೆಯೇ? ನಾಲ್ಕಕ್ಕೂ ಉತ್ತರ ಬರೆಯದ ಇಂಡೆಂಟ್ ಎಷ್ಟೇ ತುರ್ತಾಗಿದ್ದರೂ ವಾಪಸ್ ಕಳಿಸಿ.

ಮಾರ್ಚ್ ತಿಂಗಳ ಖರೀದಿಯನ್ನೇ ನೋಡಿ. ಅನುದಾನ ಲ್ಯಾಪ್ಸ್ ಆದೀತೆಂಬ ಭಯಕ್ಕೆ ವರ್ಷಕ್ಕೆ ಬೇಕಾದ ದ್ರಾವಕಗಳೆಲ್ಲ ಒಂದೇ ಲಾರಿಯಲ್ಲಿ ಬಂದಿಳಿಯುತ್ತವೆ. ಆಮೇಲೆ ಪರೀಕ್ಷೆ, ರಜೆ. ಬಾಟಲಿಗಳು ಸ್ಟೋರಿನಲ್ಲೇ ಉಳಿಯುತ್ತವೆ. ಅವುಗಳಲ್ಲಿ ಒಂದಾದ ಡೈಈಥೈಲ್ ಈಥರ್ 34.6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಕಲಬುರಗಿ, ರಾಯಚೂರುಗಳಲ್ಲಿ ಮೇ ತಿಂಗಳ ಮಧ್ಯಾಹ್ನ 40 ದಾಟುತ್ತದೆ, ಬಾಗಿಲು ಮುಚ್ಚಿದ ಸ್ಟೋರಿನೊಳಗೆ ಇನ್ನೂ ಹೆಚ್ಚು. ಮುಚ್ಚಳ ಬಿಗಿಯಾಗಿದ್ದರೆ ಬಾಟಲಿಯೊಳಗೆ ಒತ್ತಡ ಏರುತ್ತದೆ. ಸಡಿಲವಾಗಿದ್ದರೆ ಆವಿ ಹೊರಬರುತ್ತದೆ. ಈಥರ್ ಆವಿ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಅದು ಮೇಲೇರಿ ಕಿಟಕಿಯಿಂದ ಹೋಗುವುದಿಲ್ಲ, ನೀರಿನ ಹಾಗೆ ನೆಲದ ಮೇಲೆ ಹರಿದು ಪಕ್ಕದ ಕೋಣೆಯವರೆಗೂ ತಲುಪುತ್ತದೆ. ಅಲ್ಲಿ ಒಂದು ಸ್ವಿಚ್ಚಿನ ಕಿಡಿ ಸಾಕು.

ಹಾಗಾದರೆ ಫ್ರಿಜ್‌ನಲ್ಲಿಡೋಣ ಎನ್ನುವವರಿದ್ದಾರೆ. ಮನೆ ಬಳಕೆಯ ಫ್ರಿಜ್ ಆದರೆ ಅದು ಇನ್ನೂ ಕೆಟ್ಟದ್ದು. ಈಥರ್‌ನ ಫ್ಲಾಶ್ ಪಾಯಿಂಟ್ (ಕಿಡಿ ತಗುಲಿದರೆ ಆವಿ ಹೊತ್ತುವ ಕನಿಷ್ಠ ಉಷ್ಣತೆ) ಮೈನಸ್ 45 ಡಿಗ್ರಿ. ಅಂದರೆ 4 ಡಿಗ್ರಿಯ ತಂಪಿನಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಅದರಿಂದ ಬರುತ್ತಲೇ ಇರುತ್ತದೆ. ಮನೆ ಫ್ರಿಜ್‌ನ ಥರ್ಮೋಸ್ಟಾಟ್, ಬಾಗಿಲು ತೆರೆದಾಗ ಉರಿಯುವ ದೀಪದ ಸ್ವಿಚ್ಚು ಎರಡೂ ಒಳಗೇ ಇರುತ್ತವೆ. ಮುಚ್ಚಿದ ಪೆಟ್ಟಿಗೆಯೊಳಗೆ ಆವಿಯೂ ಕಿಡಿಯೂ ಜೊತೆಗೂಡಿದರೆ ಬಾಗಿಲೇ ಹಾರಿಹೋಗುತ್ತದೆ. ದ್ರಾವಕ ಇಡುವುದಕ್ಕೆಂದೇ, ಒಳಭಾಗದಲ್ಲಿ ಕಿಡಿ ಹಾರುವ ಯಾವ ಭಾಗವೂ ಇಲ್ಲದಂತೆ ಮಾಡಿದ ಫ್ರಿಜ್‌ಗಳಿವೆ. ಬೆಲೆ ಜಾಸ್ತಿಯೆಂದು ಟಿಪ್ಪಣಿ ಬರೆದು ಕಡತ ಹಿಂದಿರುಗಿಸುವ ಮುನ್ನ ಈ ವ್ಯತ್ಯಾಸವನ್ನು ದಯವಿಟ್ಟು ಗಮನಿಸಿ.

ಹಳೆಯ ಈಥರ್‌ನದು ಇನ್ನೊಂದು ಅಪಾಯ. ಗಾಳಿ, ಬೆಳಕು ತಗುಲಿದಂತೆ ಈಥರ್, ಡೈಐಸೋಪ್ರೊಪೈಲ್ ಈಥರ್, ಟೆಟ್ರಾಹೈಡ್ರೋಫ್ಯುರಾನ್, ಡೈಆಕ್ಸೇನ್‌ಗಳಲ್ಲಿ ಪೆರಾಕ್ಸೈಡ್ ಎಂಬ ಸ್ಫೋಟಕ ಸಂಯುಕ್ತ ಹುಟ್ಟುತ್ತದೆ. ಬಟ್ಟಿ ಇಳಿಸಿ ಕೊನೆಯ ಹನಿಯವರೆಗೂ ಒಣಗಿಸಿದಾಗ ಅದು ತಳದಲ್ಲಿ ಸಾಂದ್ರವಾಗಿ ಸ್ಫೋಟಿಸುತ್ತದೆ. ಬಾಟಲಿ ಬಂದ ದಿನ, ಮುಚ್ಚಳ ತೆರೆದ ದಿನ ಎರಡನ್ನೂ ಮಾರ್ಕರ್‌ನಿಂದ ಬಾಟಲಿಯ ಮೇಲೇ ಬರೆಯಬೇಕು. ತೆರೆದ ಮೂರು ತಿಂಗಳಿಗೊಮ್ಮೆಯಾದರೂ, ಬಟ್ಟಿ ಇಳಿಸುವ ಮುನ್ನ ಪ್ರತಿಸಲವೂ ಪೆರಾಕ್ಸೈಡ್ ಪತ್ತೆಹಚ್ಚುವ ಟೆಸ್ಟ್ ಸ್ಟ್ರಿಪ್‌ನಿಂದ ಪರೀಕ್ಷಿಸಬೇಕು. ಲೀಟರಿಗೆ 100 ಮಿಲಿಗ್ರಾಂ ದಾಟಿದ್ದನ್ನು ಬಳಸಕೂಡದು. ಮುಚ್ಚಳದ ಸುತ್ತ ಅಥವಾ ತಳದಲ್ಲಿ ಬಿಳಿ ಹರಳು ಕಂಡರೆ ಪರೀಕ್ಷೆಯನ್ನೂ ಮಾಡಬಾರದು, ಮುಚ್ಚಳ ತಿರುಗಿಸಲೂಬಾರದು. ಬಾಟಲಿಯನ್ನು ಇದ್ದಲ್ಲೇ ಬಿಟ್ಟು, ಕೋಣೆ ಮುಚ್ಚಿ, ತಿಳಿದವರನ್ನು ಕರೆಸಬೇಕು. ತಿರುಗಿಸುವಾಗಿನ ಉಜ್ಜಾಟವೇ ಸ್ಫೋಟಕ್ಕೆ ಸಾಕಾಗುತ್ತದೆ.

ಇವೆಲ್ಲಕ್ಕೂ ಆಡಳಿತದ ಕಡೆಯಿಂದ ಇರುವ ಮದ್ದು ಸರಳ. ದ್ರಾವಕಗಳಿಗೆ ವರ್ಷದ ರೇಟ್ ಕಾಂಟ್ರಾಕ್ಟ್ ಮಾಡಿಕೊಂಡು ಸರಬರಾಜನ್ನು ಮೂರು ತಿಂಗಳಿಗೊಮ್ಮೆ ಪಡೆಯಿರಿ. ಈಥರ್‌ನಂಥವನ್ನು 500 ಮಿಲಿಲೀಟರ್ ಬಾಟಲಿಯಲ್ಲೇ ತರಿಸಿ. ಲೀಟರಿನ ಲೆಕ್ಕದಲ್ಲಿ ಕೊಂಚ ದುಬಾರಿಯಾಗುತ್ತದೆ ನಿಜ. ಆಡಿಟ್‌ನವರು ಕೇಳಿದರೆ ಕಾರಣ ಬರೆದಿಡಿ, ಅದು ನ್ಯಾಯವಾದ ಕಾರಣ.

ಎರಡನೆಯ ಪ್ರಶ್ನೆ, ಕಲಿಸಿದವರು ಯಾರು ಎಂಬುದು. 2008ರ ಡಿಸೆಂಬರ್ 29ರಂದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 23 ವರ್ಷದ ಸಂಶೋಧನಾ ಸಹಾಯಕಿಯೊಬ್ಬಳು ಟರ್ಷಿಯರಿ ಬ್ಯುಟೈಲ್ ಲಿಥಿಯಂ ದ್ರಾವಣವನ್ನು 60 ಮಿಲಿಲೀಟರಿನ ಪ್ಲಾಸ್ಟಿಕ್ ಸಿರಿಂಜ್‌ನಿಂದ ಎಳೆಯುತ್ತಿದ್ದಳು. ಗಾಳಿ ಸೋಕಿದರೆ ತಾನಾಗಿ ಹೊತ್ತುವ ವಸ್ತು ಅದು. ಸಿರಿಂಜ್‌ನ ಪಿಸ್ಟನ್ ಹೊರಕ್ಕೆ ಕಳಚಿತು, ದ್ರಾವಣ ಕೈಮೇಲೆ ಚೆಲ್ಲಿ ಬೆಂಕಿಯಾಯಿತು. ಮೈಮೇಲೆ ಲ್ಯಾಬ್ ಕೋಟ್ ಇರಲಿಲ್ಲ, ಸಿಂಥೆಟಿಕ್ ಸ್ವೆಟರ್ ಇತ್ತು. 18 ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡಳು. ಆ ಲ್ಯಾಬ್‌ನಲ್ಲಿ ಕೋಟ್ ಹಾಕುತ್ತಿಲ್ಲವೆಂದು ಎರಡು ತಿಂಗಳ ಹಿಂದಷ್ಟೇ ನಡೆದ ತಪಾಸಣೆಯ ವರದಿಯಲ್ಲಿ ಬರೆಯಲಾಗಿತ್ತು. ಬರೆದದ್ದು ಕಾಗದದಲ್ಲೇ ಉಳಿಯಿತು.

ಸಿರಿಂಜ್‌ನಿಂದ ಎಳೆಯುವ ಈ ಕೆಲಸವನ್ನು ಸರಿಯಾಗಿ ಮಾಡುವ ಕ್ರಮವನ್ನು ವಿವರಿಸಿ ಹೇಳುತ್ತೇವೆ, ಏಕೆಂದರೆ 'ತರಬೇತಿ' ಎಂಬ ಮಾತಿನ ಅರ್ಥ ಇದರಲ್ಲಿದೆ. ಎಳೆಯಬೇಕಾದ ಪ್ರಮಾಣದ ಎರಡು ಪಟ್ಟು ಸಾಮರ್ಥ್ಯದ, ಸೂಜಿಯನ್ನು ತಿರುಗಿಸಿ ಲಾಕ್ ಮಾಡುವಂಥ ಗಾಜಿನ ಸಿರಿಂಜ್ ಬೇಕು. ಸೂಜಿ ಉದ್ದವಿರಬೇಕು, ಒಂದರಿಂದ ಎರಡು ಅಡಿ. ಗಿಡ್ಡ ಸೂಜಿಯಾದರೆ ಬಾಟಲಿಯನ್ನು ಬೋರಲು ಹಾಕಿ ಎಳೆಯಬೇಕಾಗುತ್ತದೆ, ಅಲ್ಲೇ ಕೈತಪ್ಪುವುದು. ಬಾಟಲಿಯನ್ನು ಸ್ಟ್ಯಾಂಡಿಗೆ ಕ್ಲ್ಯಾಂಪ್ ಮಾಡಬೇಕು. ಒಳಗೆ ನೈಟ್ರೋಜನ್ ಒತ್ತಡ ಅತಿ ಹಗುರವಾಗಿರಬೇಕು, ಹೆಚ್ಚಾದರೆ ಪಿಸ್ಟನ್ ತಾನಾಗಿ ಹೊರಕ್ಕೆ ನೂಕಿಕೊಂಡು ಬರುತ್ತದೆ. 50 ಮಿಲಿಲೀಟರ್ ದಾಟಿದರೆ ಸಿರಿಂಜ್ ಬಿಟ್ಟು ಎರಡೂ ತುದಿ ಚೂಪಾದ ಕ್ಯಾನುಲಾ ಕೊಳವೆಯಿಂದ ವರ್ಗಾಯಿಸಬೇಕು. ಹತ್ತಿರದಲ್ಲಿ ತೆರೆದ ದ್ರಾವಕದ ಫ್ಲಾಸ್ಕ್ ಇರಕೂಡದು. ಇದಿಷ್ಟನ್ನೂ ಮೊದಲು ತಾನಾಗಿ ಹೊತ್ತದ ಹೆಕ್ಸೇನ್ ದ್ರಾವಕವನ್ನಷ್ಟೇ ಇಟ್ಟುಕೊಂಡು, ತಿಳಿದವರ ಎದುರಿಗೆ ಮಾಡಿ ತೋರಿಸಬೇಕು. ಕೈ ನಡುಗದೆ ಮಾಡಿದ ಮೇಲಷ್ಟೇ ನಿಜವಾದ ಬಾಟಲಿ ಕೈಗೆ. ಎರಡು ಗಂಟೆಯ ಪವರ್‌ಪಾಯಿಂಟ್ ಭಾಷಣದಿಂದ, ಹಾಜರಿ ಪುಸ್ತಕದ ಸಹಿಯಿಂದ ಇದು ಬರುವುದಿಲ್ಲ.

ಪ್ರಮಾಣದ ಮಿತಿಯೂ ಬಾಯಿಮಾತಿನಲ್ಲಿ ಇದ್ದರೆ ಉಪಯೋಗವಿಲ್ಲ. 2010ರ ಜನವರಿಯಲ್ಲಿ ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದಲ್ಲಿ ನಿಕಲ್ ಹೈಡ್ರಜೀನ್ ಪರ್‌ಕ್ಲೋರೇಟ್ ಎಂಬ ಸ್ಫೋಟಕ ಸಂಯುಕ್ತ ತಯಾರಿಸುತ್ತಿದ್ದ ವಿದ್ಯಾರ್ಥಿ ಮೂರು ಬೆರಳು ಕಳೆದುಕೊಂಡ. 100 ಮಿಲಿಗ್ರಾಂ ದಾಟಬಾರದೆಂಬ ಮಾತು ಗುಂಪಿನಲ್ಲಿತ್ತು, ತಯಾರಾದದ್ದು 10 ಗ್ರಾಂ. ನೂರು ಪಟ್ಟು. ಪ್ರಮಾಣ ಹೆಚ್ಚಿಸುವ ಪ್ರತಿ ಹೆಜ್ಜೆಗೂ ಗೈಡ್‌ನ ಲಿಖಿತ ಒಪ್ಪಿಗೆ ಇರಬೇಕು, ಅದು ಲ್ಯಾಬ್ ಪುಸ್ತಕದ ಆ ದಿನದ ಪುಟದಲ್ಲೇ ಇರಬೇಕು. ನೀವು ಇಂಡೆಂಟ್‌ನಲ್ಲಿ ಪ್ರಮಾಣ ಕೇಳಿದಾಗ ಈ ಮಿತಿಯೂ ಕಣ್ಣಿಗೆ ಬೀಳುತ್ತದೆ.

ಕೋಟ್ ಮತ್ತು ಕೈಗವಸುಗಳ ಟೆಂಡರ್ ಬಗ್ಗೆ ಎರಡು ಮಾತು. ಕನಿಷ್ಠ ದರಕ್ಕೇ ಕೊಡಬೇಕೆಂಬ ನಿಯಮ ಮುರಿಯಬೇಕಿಲ್ಲ, ಸ್ಪೆಸಿಫಿಕೇಶನ್ ಸರಿಯಾಗಿ ಬರೆದರೆ ಸಾಕು. 'ಬಿಳಿ ಕೋಟ್' ಎಂದಷ್ಟೇ ಬರೆದರೆ ಟೆರಿಕಾಟನ್ ಬರುತ್ತದೆ. ಅದರಲ್ಲಿರುವ ಪಾಲಿಯೆಸ್ಟರ್ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. 'ನೂರಕ್ಕೆ ನೂರು ಹತ್ತಿ, ಪೂರ್ಣ ತೋಳು, ಒಮ್ಮೆಗೇ ಎಳೆದು ಬಿಚ್ಚುವ ಪ್ರೆಸ್ ಬಟನ್' ಎಂದು ಬರೆಯಿರಿ. ಗಾಳಿ ಸೋಕಿದರೆ ಹೊತ್ತುವ ವಸ್ತುಗಳನ್ನು ಬಳಸುವವರಿಗೆ ಬೆಂಕಿ ನಿರೋಧಕ ಬಟ್ಟೆಯ ಕೋಟ್ ಬೇರೆಯೇ ಬೇಕು. ಕೈಗವಸು ಎಂದಷ್ಟೇ ಬರೆದರೆ ತೆಳು ಲೇಟೆಕ್ಸ್ ಬರುತ್ತದೆ. 1996ರಲ್ಲಿ ಅಮೆರಿಕದ ಡಾರ್ಟ್‌ಮೌತ್ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕಿಯೊಬ್ಬರ ಲೇಟೆಕ್ಸ್ ಕೈಗವಸಿನ ಮೇಲೆ ಡೈಮೀಥೈಲ್ ಮರ್ಕ್ಯುರಿ ಎಂಬ ಪಾದರಸದ ಸಂಯುಕ್ತದ ಕೆಲವು ಹನಿ ಬಿದ್ದವು, ಮುಂದಿನ ವರ್ಷ ಜೂನ್‌ನಲ್ಲಿ ಅವರು ತೀರಿಕೊಂಡರು. ಆ ವಸ್ತು ಅಂಥ ಕೈಗವಸನ್ನು ಸೆಕೆಂಡುಗಳಲ್ಲಿ ದಾಟುತ್ತದೆಂದು ಆಮೇಲಿನ ಪರೀಕ್ಷೆಯಲ್ಲಿ ತಿಳಿಯಿತು. ನಮ್ಮ ಲ್ಯಾಬ್‌ಗಳಲ್ಲಿ ದಿನಬಳಕೆಯ ಡೈಕ್ಲೋರೋಮೀಥೇನ್ ದ್ರಾವಕ ಕೂಡ ತೆಳು ನೈಟ್ರೈಲ್ (ಕೃತಕ ರಬ್ಬರ್) ಕೈಗವಸನ್ನು ಕೆಲವೇ ನಿಮಿಷದಲ್ಲಿ ದಾಟುತ್ತದೆ. ಚೆಲ್ಲಿದ ತಕ್ಷಣ ಬಿಚ್ಚಿ ಎಸೆಯಬೇಕು. ಎಸೆಯಲು ಮನಸ್ಸು ಬರಬೇಕಾದರೆ ಪೆಟ್ಟಿಗೆಯಲ್ಲಿ ಬೇಕಾದಷ್ಟು ಇರಬೇಕು. ಎಣಿಸಿ ಕೊಡುವ ಸ್ಟೋರ್‌ನಲ್ಲಿ ಒಂದೇ ಜೊತೆಯನ್ನು ವಾರಗಟ್ಟಲೆ ಹಾಕಿಕೊಳ್ಳುತ್ತಾರೆ.

ಇನ್ನು ತ್ಯಾಜ್ಯ. ದಿನನಿತ್ಯದ ಅಪಘಾತಗಳಿಗೆ ತ್ಯಾಜ್ಯದ ಬಾಟಲಿಯಷ್ಟು ಹತ್ತಿರದ ಜಾಗ ಇನ್ನೊಂದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಒಬ್ಬರು ಗಾಜು ತೊಳೆದ ನೈಟ್ರಿಕ್ ಆಮ್ಲವನ್ನು ಖಾಲಿಯೆಂದುಕೊಂಡ ಎರಡೂವರೆ ಲೀಟರಿನ ಬಾಟಲಿಗೆ ಸುರಿಯುತ್ತಾರೆ. ತಳದಲ್ಲಿ ಒಂದಿಷ್ಟು ಅಸಿಟೋನ್ ಅಥವಾ ಎಥನಾಲ್ ಉಳಿದಿರುತ್ತದೆ. ಮೊದಲ ಹತ್ತು ನಿಮಿಷ ಏನೂ ಆಗುವುದಿಲ್ಲ. ಮುಚ್ಚಳ ಬಿಗಿದು ಊಟಕ್ಕೆ ಹೋಗುತ್ತಾರೆ. ಒಳಗೆ ನಿಧಾನವಾಗಿ ಬಿಸಿಯೇರಿ, ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ತುಂಬಿ, ಗಾಜು ಒಡೆದು ಚೂರುಗಳು ಆಮ್ಲದೊಂದಿಗೆ ಕೋಣೆಯ ತುಂಬ ಹಾರುತ್ತವೆ. ಗಾಜು ತೊಳೆಯುವ ಪಿರಾನಾ ದ್ರಾವಣದ್ದೂ ಇದೇ ಕಥೆ: ಮೂರು ಪಾಲು ಸಲ್ಫ್ಯೂರಿಕ್ ಆಮ್ಲಕ್ಕೆ ಒಂದು ಪಾಲು ಹೈಡ್ರೋಜನ್ ಪೆರಾಕ್ಸೈಡ್. ಪೆರಾಕ್ಸೈಡನ್ನು ನಿಧಾನವಾಗಿ ಆಮ್ಲಕ್ಕೆ ಹಾಕಬೇಕು, ಬೇಕಾದಷ್ಟನ್ನೇ ಮಾಡಬೇಕು, ಮುಚ್ಚಿದ ಬಾಟಲಿಯಲ್ಲಿ ಎಂದೂ ಇಡಬಾರದು. ಸೋಡಿಯಂ ಅಜೈಡ್‌ಗೆ ಆಮ್ಲ ಸೇರಿದರೆ ವಿಷಾನಿಲ, ಸಿಂಕಿಗೆ ಹೋದರೆ ಸೀಸ, ತಾಮ್ರದ ಪೈಪುಗಳಲ್ಲಿ ಸ್ಫೋಟಕ ಲವಣ. ಆ ಪೈಪು ರಿಪೇರಿಗೆ ಬರುವ ಪ್ಲಂಬರ್‌ಗೆ ಇದು ಗೊತ್ತಿರುವುದಿಲ್ಲ. ಜೀವವಿಜ್ಞಾನದವರ ಆರ್‌ಎನ್‌ಎ ಬೇರ್ಪಡಿಸುವ ಕಿಟ್‌ಗಳಲ್ಲಿ ಗ್ವಾನಿಡೀನ್ ಥಯೋಸಯನೇಟ್ ಇರುತ್ತದೆ, ಅದಕ್ಕೆ ಬ್ಲೀಚ್ ಸುರಿದರೂ ವಿಷಾನಿಲವೇ.

ಆದ್ದರಿಂದ ಪ್ರತಿ ಲ್ಯಾಬಿಗೆ ಪ್ರತ್ಯೇಕ ತ್ಯಾಜ್ಯ ಡಬ್ಬಗಳು, ಅನಿಲ ಹೊರಹೋಗುವ ತೂತಿನ ಮುಚ್ಚಳಗಳು, ಕೆಳಗೆ ತಟ್ಟೆ ಕೊಡಿ. ಡಬ್ಬವನ್ನು ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ತುಂಬಬಾರದು. ಲೇಬಲ್ ಕನ್ನಡದಲ್ಲೂ ಇರಲಿ. ಸಂಜೆ ಬಂದು ಡಬ್ಬ ಎತ್ತುವ ಅಟೆಂಡರ್, ಸ್ವಚ್ಛತಾ ಸಿಬ್ಬಂದಿ ಓದುವುದು ಕನ್ನಡ. ಅಪಾಯಕಾರಿ ತ್ಯಾಜ್ಯದ 2016ರ ನಿಯಮಗಳ ಪ್ರಕಾರ ಇದನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯಿರುವ ವಿಲೇವಾರಿ ಘಟಕದೊಂದಿಗೆ ವಿಶ್ವವಿದ್ಯಾಲಯವೇ ಒಪ್ಪಂದ ಮಾಡಿಕೊಳ್ಳಬೇಕು. ಆ ಹಣವನ್ನು ಒಬ್ಬೊಬ್ಬ ಸಂಶೋಧಕರ ಪ್ರಾಜೆಕ್ಟಿಗೆ ಹೊರಿಸಿದರೆ ತ್ಯಾಜ್ಯ ಸಿಂಕಿಗೇ ಹೋಗುತ್ತದೆ.

ಹಳೆಯ ಉಪಕರಣಗಳ ಹರಾಜಿನ ಪಟ್ಟಿಗೂ ಸಹಿ ಹಾಕುವವರು ನೀವೇ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ 1985ರಿಂದ ಬಳಸದೆ ಬಿದ್ದಿದ್ದ ಗಾಮಾ ವಿಕಿರಣ ಯಂತ್ರವೊಂದು 2010ರ ಫೆಬ್ರವರಿಯಲ್ಲಿ ಹರಾಜಾಗಿ ದೆಹಲಿಯದೇ ಮಾಯಾಪುರಿಯ ಗುಜರಿ ಅಂಗಡಿ ಸೇರಿತು. ಒಳಗೆ ಕೋಬಾಲ್ಟ್-60 ಎಂಬ ವಿಕಿರಣಶೀಲ ವಸ್ತು ಇತ್ತು. ಬಿಚ್ಚಿದವರಿಗೆ ಅದೇನೆಂದು ತಿಳಿದಿರಲಿಲ್ಲ. ಒಬ್ಬ ಕಾರ್ಮಿಕ ಸತ್ತ, ಹಲವರು ವಿಕಿರಣದ ಗಾಯಗಳಿಂದ ಆಸ್ಪತ್ರೆ ಸೇರಿದರು. ಆ ಮನುಷ್ಯನಿಗೂ ವಿಶ್ವವಿದ್ಯಾಲಯಕ್ಕೂ ಸಂಬಂಧವೇ ಇರಲಿಲ್ಲ, ಅವನನ್ನು ತಲುಪಿದ್ದು ಒಂದು ಹರಾಜು ಪಟ್ಟಿ. ಹರಾಜಿಗೆ ಹೋಗುವ ಪ್ರತಿ ಲ್ಯಾಬ್ ಉಪಕರಣದ ಮೇಲೆ 'ವಿಕಿರಣ ಮೂಲವಿಲ್ಲ, ಪಾದರಸವಿಲ್ಲ, ರಾಸಾಯನಿಕವಿಲ್ಲ, ಜೈವಿಕ ಸೋಂಕಿಲ್ಲ' ಎಂಬ ಪರೀಕ್ಷಿಸಿದ ಚೀಟಿ, ಪರೀಕ್ಷಿಸಿದವರ ಹೆಸರು ಇರಲೇಬೇಕು. ವಿಕಿರಣ ಮೂಲವಿದ್ದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿಯಿಲ್ಲದೆ ಅದು ಜಾಗ ಬಿಟ್ಟು ಕದಲಬಾರದು.

ಅನಿಲದ ಸಿಲಿಂಡರ್‌ಗಳ ವಿಷಯಕ್ಕೆ ಬೆಂಗಳೂರೇ ಸಾಕ್ಷಿ. 2018ರ ಡಿಸೆಂಬರ್ 5ರಂದು ಭಾರತೀಯ ವಿಜ್ಞಾನ ಸಂಸ್ಥೆಯ ಹೈಪರ್‌ಸಾನಿಕ್ ಮತ್ತು ಆಘಾತ ತರಂಗ ಪ್ರಯೋಗಾಲಯದಲ್ಲಿ ಸ್ಫೋಟವಾಗಿ ಒಬ್ಬ ಸಂಶೋಧಕರು ಸತ್ತರು, ಮೂವರು ಗಾಯಗೊಂಡರು. ದೇಶದ ಅತಿ ಗಟ್ಟಿ ಸಂಸ್ಥೆಯಲ್ಲೇ ಹೀಗಾಗಬಹುದಾದರೆ ಉಳಿದವರು ಎಷ್ಟು ಎಚ್ಚರವಾಗಿರಬೇಕು. ಒಂದು ಸಾಮಾನ್ಯ ಹೈಡ್ರೋಜನ್ ಸಿಲಿಂಡರ್‌ನಲ್ಲಿ ಸುಮಾರು 7 ಘನ ಮೀಟರ್ ಅನಿಲ ಇರುತ್ತದೆ. 7 ಮೀಟರ್ ಉದ್ದ, 5 ಮೀಟರ್ ಅಗಲ, 3 ಮೀಟರ್ ಎತ್ತರದ ಲ್ಯಾಬ್‌ನ ಗಾತ್ರ 105 ಘನ ಮೀಟರ್. ಪೂರ್ತಿ ಸೋರಿದರೆ ಕೋಣೆಯ ಗಾಳಿಯಲ್ಲಿ ಹೈಡ್ರೋಜನ್ ಶೇ 6 ದಾಟುತ್ತದೆ. ಶೇ 4 ಆದರೆ ಸಾಕು, ಹೊತ್ತುತ್ತದೆ. ಹೈಡ್ರೋಜನ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಸಿಲಿಂಡರ್ ಕಟ್ಟಡದ ಹೊರಗೆ ಜಾಲರಿ ಹಾಕಿದ ಗ್ಯಾಸ್ ಬ್ಯಾಂಕ್‌ನಲ್ಲಿರಲಿ, ಸ್ಟೀಲ್ ಪೈಪಿನಲ್ಲಿ ಬೇಕಾದಷ್ಟೇ ಒಳಬರಲಿ, ಚಾವಣಿಯ ಹತ್ತಿರ ಹೈಡ್ರೋಜನ್ ಸೆನ್ಸರ್ ಇರಲಿ. ಸಿಲಿಂಡರ್ ಯಾವುದೇ ಆದರೂ ಮೂರನೇ ಎರಡು ಭಾಗದ ಎತ್ತರದಲ್ಲಿ ಸರಪಳಿಯಿಂದ ಗೋಡೆಗೆ ಕಟ್ಟಬೇಕು, ಸಾಗಿಸುವಾಗ ವಾಲ್ವ್‌ಗೆ ಟೋಪಿ ಹಾಕಿ ಟ್ರಾಲಿಯಲ್ಲೇ ಸಾಗಿಸಬೇಕು. ಆಕ್ಸಿಜನ್ ರೆಗ್ಯುಲೇಟರ್‌ಗೆ ಎಣ್ಣೆ, ಗ್ರೀಸ್ ಸೋಕಲೇಬಾರದು.

2016ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ಹೈಡ್ರೋಜನ್, ಆಕ್ಸಿಜನ್‌ಗಳನ್ನು ಒಂದೇ ಟ್ಯಾಂಕಿನಲ್ಲಿ ಬೆರೆಸಿ ಇಟ್ಟಿದ್ದರು. 49 ಲೀಟರಿನ ಆ ಟ್ಯಾಂಕ್ ಸ್ಫೋಟಿಸಿ ಸಂಶೋಧಕಿ ಒಂದು ತೋಳು ಕಳೆದುಕೊಂಡಳು. ಅದಕ್ಕೆ ಮೊದಲೇ ಇಂಥದೇ ಮಿಶ್ರಣದ ಚಿಕ್ಕ ಟ್ಯಾಂಕಿನೊಳಗೆ ಸಣ್ಣ ಸ್ಫೋಟವಾಗಿತ್ತು. ಇಂಥ 'ಸದ್ಯ, ಏನೂ ಆಗಲಿಲ್ಲ' ಎನ್ನುವ ಘಟನೆಗಳನ್ನು ಬರೆದು ತಿಳಿಸಿದವರಿಗೆ ಮೆಮೊ ಹೋಗಬಾರದು, ಥ್ಯಾಂಕ್ಸ್ ಹೋಗಬೇಕು. ಪ್ರತಿ ತಿಂಗಳು ಅವನ್ನು ಓದುವವರು ಒಬ್ಬರಿರಬೇಕು. ಆ ಸುರಕ್ಷತಾ ಅಧಿಕಾರಿಗೆ ಪ್ರಾಧ್ಯಾಪಕರ ಪ್ರಯೋಗವನ್ನೂ ನಿಲ್ಲಿಸುವ ಅಧಿಕಾರ ಇರಬೇಕು. ಹಾಲಿ ಮೂರು ಸಮಿತಿಗಳಲ್ಲಿರುವ ಅಧ್ಯಾಪಕರಿಗೇ ನಾಲ್ಕನೆಯದೆಂದು ವಹಿಸಿದರೆ ಆಗುವುದಿಲ್ಲ.

ದ್ರವ ನೈಟ್ರೋಜನ್‌ಗೆ ಒಂದು ಲೆಕ್ಕ ಸಾಕು. 1 ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗುತ್ತದೆ. 3 ಮೀಟರ್ ಉದ್ದಗಲ ಎತ್ತರದ ಮುಚ್ಚಿದ ಎಸಿ ಕೋಣೆಯಲ್ಲಿ 25 ಲೀಟರಿನ ಕ್ಯಾನ್ ಉರುಳಿದರೆ ಆಕ್ಸಿಜನ್ ಶೇ 21ರಿಂದ 10ರ ಆಸುಪಾಸಿಗೆ ಇಳಿಯುತ್ತದೆ. ಉಸಿರುಗಟ್ಟಿದ ಅನುಭವವೂ ಆಗದೆ ಮನುಷ್ಯ ಕುಸಿಯುತ್ತಾನೆ, ಎತ್ತಲು ಹೋದವನೂ ಕುಸಿಯುತ್ತಾನೆ. ಆಕ್ಸಿಜನ್ ಮೀಟರ್ ಇಡಿ, ಶೇ 19.5ಕ್ಕೆ ಅಲಾರಂ ಕೂಗಲಿ. ಲಿಫ್ಟ್‌ನಲ್ಲಿ ಕ್ಯಾನ್ ಒಂಟಿಯಾಗಿ ಹೋಗಬೇಕು, ಜನ ಮೆಟ್ಟಿಲಿನಲ್ಲಿ.

ರಾತ್ರಿಯ ಕೆಲಸ ನಮ್ಮಲ್ಲಿ ಅನಿವಾರ್ಯವೆಂಬಂತಾಗಿದೆ. ದ್ರಾವಕವನ್ನು ರಿಫ್ಲಕ್ಸ್‌ಗೆ (ಆವಿಯನ್ನು ತಣಿಸಿ ಮರಳಿ ಫ್ಲಾಸ್ಕಿಗೇ ಇಳಿಸುತ್ತ ಕುದಿಸಲು) ಇಟ್ಟು, ಆವಿ ತಣಿಸುವ ಕಂಡೆನ್ಸರ್‌ಗೆ ನಲ್ಲಿ ನೀರು ಬಿಟ್ಟು ಹಾಸ್ಟೆಲ್‌ಗೆ ಹೋಗುತ್ತಾರೆ. ಎರಡು ಗಂಟೆಗೆ ಓವರ್‌ಹೆಡ್ ಟ್ಯಾಂಕ್ ಖಾಲಿಯಾಗುತ್ತದೆ. ಕಂಡೆನ್ಸರ್ ಬಿಸಿಯಾಗಿ, ದ್ರಾವಕವೆಲ್ಲ ಆವಿಯಾಗಿ, ಒಣಗಿದ ಫ್ಲಾಸ್ಕ್ ಕೆಳಗೆ ಹೀಟರ್ ಮಾತ್ರ ಉರಿಯುತ್ತಲೇ ಇರುತ್ತದೆ. ನೀರನ್ನು ಸುತ್ತಿಸುವ ಚಿಲ್ಲರ್, ಹರಿವು ನಿಂತ ಕೂಡಲೇ ಹೀಟರ್ ಆರಿಸುವ ಫ್ಲೋ ಸ್ವಿಚ್, ಜನರೇಟರ್‌ನ ಸಾಲಿಗೆ ಆವಿಯನ್ನು ಎಳೆದು ಹೊರಹಾಕುವ ಫ್ಯೂಮ್ ಹುಡ್‌ನ ಫ್ಯಾನ್ ಇವು ಮೂರಿದ್ದರೆ ಈ ಬೆಂಕಿಗಳಲ್ಲಿ ಬಹುಪಾಲು ಆಗುವುದೇ ಇಲ್ಲ. ರಾತ್ರಿ ಒಬ್ಬರೇ ಇರಬಾರದು ಎಂಬುದು ಬರೀ ಸೂಚನೆಯಾಗಿ ಉಳಿಯದೆ ನಿಯಮವಾಗಲಿ, ಆದರೆ ಅದರ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಮಾತ್ರ ಸಂಜೆ ಆರಕ್ಕೆ ಹೊರಗೆ ಕಳಿಸುವ ಪದ್ಧತಿ ಬೇಡ.

ಹೈಡ್ರೋಫ್ಲೋರಿಕ್ ಆಮ್ಲ ಇರುವ ಕೋಣೆಯಲ್ಲಿ ಅದರ ಸುಟ್ಟ ಗಾಯಕ್ಕೆ ಹಚ್ಚುವ ಶೇ 2.5ರ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಅವಧಿ ಮುಗಿಯದಂತೆ ಇರಲೇಬೇಕು. ಆ ಆಮ್ಲ ತಗುಲಿದಾಗ ಮೊದಲು ಉರಿಯೇ ತಿಳಿಯದಿರಬಹುದು. ಕ್ಯಾಂಪಸ್‌ನ ಆರೋಗ್ಯ ಕೇಂದ್ರದ ವೈದ್ಯರಿಗೂ ಇದರ ಚಿಕಿತ್ಸೆ ಮೊದಲೇ ತಿಳಿಸಿಡಿ. ಸಂಶೋಧನಾ ವಿದ್ಯಾರ್ಥಿ ನೌಕರನಲ್ಲ. ಸುಟ್ಟ ಗಾಯದ ಚಿಕಿತ್ಸೆಗೆ ಅವನ ಮನೆಯವರು ಸಾಲ ಮಾಡುವಂತಾಗಬಾರದು. ಗುಂಪು ವಿಮೆಯನ್ನು ನೋಂದಣಿಯ ದಿನವೇ ಮಾಡಿಸಿ.

ಕೊನೆಯದಾಗಿ, ಮೈಮೇಲೆ ರಾಸಾಯನಿಕ ಚೆಲ್ಲಿದಾಗ ತೊಳೆದುಕೊಳ್ಳುವ ಸುರಕ್ಷತಾ ಶವರ್. ಬಹಳ ಕಡೆ ಇದೆ. ಕಾಗದದಲ್ಲಂತೂ ಎಲ್ಲ ಕಡೆ ಇದೆ. ಅಂತರರಾಷ್ಟ್ರೀಯವಾಗಿ ಪಾಲಿಸುವ ಅಳತೆ ಹೀಗಿದೆ: ಅಪಾಯದ ಜಾಗದಿಂದ 10 ಸೆಕೆಂಡಿನ ದಾರಿ, ನಿಮಿಷಕ್ಕೆ 76 ಲೀಟರ್, 15 ನಿಮಿಷ. ಅಂದರೆ ಒಬ್ಬರನ್ನು ತೊಳೆಯಲು 1,140 ಲೀಟರ್ ನೀರು. ಎರಡು ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ, ಇಡೀ ಕಟ್ಟಡಕ್ಕೆ ಸಾವಿರ ಲೀಟರಿನ ಒಂದೇ ಟ್ಯಾಂಕ್ ಇದ್ದರೆ ಶವರ್ ಇದ್ದೂ ಇಲ್ಲದಂತೆ. ಅದಕ್ಕೇ ಮೀಸಲಾದ ಟ್ಯಾಂಕ್ ಬೇಕು, ನೆರಳಿನಲ್ಲಿ ಬೇಕು. ನೀರು 38 ಡಿಗ್ರಿ ದಾಟಬಾರದು, ಬಿಸಿಲಿಗೆ ಕಾದ ಕಪ್ಪು ಟ್ಯಾಂಕಿನ ನೀರು ಸುಟ್ಟ ಚರ್ಮವನ್ನು ಇನ್ನಷ್ಟು ಸುಡುತ್ತದೆ. ಕಣ್ಣು ತೊಳೆಯುವ ಬುಗ್ಗೆಗೆ ನಿಮಿಷಕ್ಕೆ ಒಂದೂವರೆ ಲೀಟರಿನಂತೆ 23 ಲೀಟರ್ ಸಾಕು, ಆದರೆ ವಾರಕ್ಕೊಮ್ಮೆ ಬಿಟ್ಟು ನೋಡದಿದ್ದರೆ ಮೊದಲು ಬರುವುದು ತುಕ್ಕಿನ ನೀರು.

ಮುಂದಿನ ಹಣಕಾಸು ಸಮಿತಿ ಸಭೆಗೆ ಮುಂಚೆ ಒಂದು ಮಧ್ಯಾಹ್ನ, ಮುನ್ಸೂಚನೆ ಕೊಡದೆ, ನೀವೇ ಯಾವುದಾದರೂ ಲ್ಯಾಬಿಗೆ ಬನ್ನಿ. ಶವರ್‌ನ ಕೆಳಗೆ 15 ಲೀಟರಿನ ಬಕೆಟ್ ಇಟ್ಟು ಸರಪಳಿ ಎಳೆಯಿರಿ. ಬಕೆಟ್ 12 ಸೆಕೆಂಡಿನಲ್ಲಿ ತುಂಬಬೇಕು. ತುಂಬದಿದ್ದರೆ ಆ ಲ್ಯಾಬ್‌ನ ಇಂಡೆಂಟ್‌ಗಳನ್ನು ಅಲ್ಲಿಗೇ ನಿಲ್ಲಿಸಿ, ಪ್ಲಂಬಿಂಗ್‌ನ ಬಿಲ್ಲಿಗೆ ಮೊದಲು ಸಹಿ ಹಾಕಿ.

ಇಂತಿ,
ಸಂಶೋಧನಾ ಲ್ಯಾಬ್‌ಗಳ ತಾಂತ್ರಿಕ ಸಿಬ್ಬಂದಿ ಮತ್ತು ಸಂಶೋಧಕರು